ಊರೆಲ್ಲ ಕೂಡಿ ಬರೆಯುವ ಪುಸ್ತಕ: ವಿಕಿಪೀಡಿಯವನ್ನು ಓದುವ ಮತ್ತು ತಿದ್ದುವ ಕ್ರಮ



ತೆಂಗಿನ ಸುಳಿ ಬಾಡಿ ವಾಲಿದರೆ, ಕಾಂಡದಿಂದ ಕೆಂಪು ರಸ ಸೋರಿದರೆ, ಹಿಂದೆ ನಾವು ಮೊದಲು ಕೇಳುತ್ತಿದ್ದುದು ಪಕ್ಕದ ತೋಟದ ಹಿರಿಯರನ್ನು. ಅವರಿಗೆ ತಿಳಿಯದಿದ್ದರೆ ಸಂತೆಯ ದಿನ ತಿಪಟೂರಿಗೋ ತುರುವೇಕೆರೆಗೋ ಹೋದಾಗ ಅಲ್ಲಿ ವಿಚಾರಿಸುತ್ತಿದ್ದೆವು. ಈಗ ದಂಡಿನಶಿವರದ ಸುತ್ತಿನ ಹಳ್ಳಿಗಳಲ್ಲೂ ಮನೆಯ ಹುಡುಗನೋ ಹುಡುಗಿಯೋ ಮೊಬೈಲನ್ನು ತೆಗೆದು ನಾಲ್ಕು ಅಕ್ಷರ ಒತ್ತಿ, "ಅಪ್ಪಾ, ಇಲ್ಲಿ ಹೀಗೆ ಬರೆದಿದೆ" ಎಂದು ಓದಿ ಹೇಳುತ್ತಾರೆ. ಹಾಗೆ ಹುಡುಕಿದಾಗ ಬಹಳ ಸಲ ಕಣ್ಣಿಗೆ ಬೀಳುವುದು ವಿಕಿಪೀಡಿಯ ಎಂಬ ವಿಶ್ವಕೋಶದ ಪುಟ.

ಆ ಪುಟವನ್ನು ಬರೆದವರು ಯಾರು? ಅದರಲ್ಲಿ ತಪ್ಪಿದ್ದರೆ ತಿದ್ದತಕ್ಕವರು ಯಾರು? ಈ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ತಿದ್ದತಕ್ಕವರು ನೀವೇ. ಹೇಗೆಂಬುದೇ ಈ ಪಾಠದ ವಿಷಯ.

ವಿಕಿ ಎಂದರೇನು?

ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಎಂಬವರು 1995ರಲ್ಲಿ ಒಂದು ಹೊಸ ಏರ್ಪಾಡು ಮಾಡಿದರು. ಕಂಪ್ಯೂಟರಿನಲ್ಲಿ ಓದುವ ಪುಟವನ್ನು ಓದುವವನೇ ತಿದ್ದಬಹುದು ಎಂಬುದು ಅದರ ಹೊಸತನ. ಹವಾಯಿ ದ್ವೀಪದ ವಿಮಾನ ನಿಲ್ದಾಣದಲ್ಲಿ ಓಡಾಡುತ್ತಿದ್ದ ಬಸ್ಸಿಗೆ 'ವಿಕಿ ವಿಕಿ' ಎಂದು ಹೆಸರಿತ್ತು. ಅಲ್ಲಿಯ ಭಾಷೆಯಲ್ಲಿ ಹಾಗೆಂದರೆ 'ಬೇಗ ಬೇಗ'. ಆ ಹೆಸರನ್ನೇ ಅವರು ತಮ್ಮ ಏರ್ಪಾಡಿಗೆ ಇಟ್ಟರು. ಇದೇ ಕ್ರಮದಲ್ಲಿ 2001ರ ಜನವರಿಯಲ್ಲಿ ವಿಕಿಪೀಡಿಯ ಮೊದಲಾಯಿತು. ಕನ್ನಡ ವಿಕಿಪೀಡಿಯ ಮೊದಲಾದದ್ದು 2003ರಲ್ಲಿ. ಇಂದು ಅದರಲ್ಲಿ 30,000ಕ್ಕೂ ಹೆಚ್ಚು ಲೇಖನಗಳಿವೆ. ನಮ್ಮ ನೆರೆಯ ತುಳು ಭಾಷೆಯ ವಿಕಿಪೀಡಿಯವೂ 2016ರಲ್ಲಿ ತೆರೆಯಿತು.

ಕನ್ನಡಕ್ಕೆ ವಿಶ್ವಕೋಶ ಹೊಸದೇನೂ ಅಲ್ಲ. ಶಿವರಾಮ ಕಾರಂತರು 1936ರಲ್ಲಿ 'ಬಾಲಪ್ರಪಂಚ'ವನ್ನು ಮೂರು ಸಂಪುಟಗಳಲ್ಲಿ ತಂದರು. ಮೈಸೂರು ವಿಶ್ವವಿದ್ಯಾನಿಲಯವು ವಿದ್ವಾಂಸರನ್ನು ಕೂಡಿಸಿ ಕನ್ನಡ ವಿಶ್ವಕೋಶದ ದೊಡ್ಡ ಸಂಪುಟಗಳನ್ನು ಹೊರಡಿಸಿತು. ಅವನ್ನು 2014ರಲ್ಲಿ ಎಲ್ಲರೂ ಮುಕ್ತವಾಗಿ ಬಳಸಲೂ ಬಿಟ್ಟುಕೊಟ್ಟಿತು. ಅಚ್ಚಾದ ಪುಸ್ತಕದಲ್ಲಿ ತಪ್ಪು ಉಳಿದರೆ ಮುಂದಿನ ಮುದ್ರಣದವರೆಗೆ ಕಾಯಬೇಕು. ವಿಕಿಪೀಡಿಯದಲ್ಲಿ ಅದನ್ನು ಕಂಡವರು ಆ ಗಳಿಗೆಯಲ್ಲೇ ತಿದ್ದಬಹುದು. ಕೆಡಿಸುವವನೂ ಆ ಗಳಿಗೆಯಲ್ಲೇ ಕೆಡಿಸಬಹುದು. ಆದುದರಿಂದ ಇದಕ್ಕೆ ಕಟ್ಟುಪಾಡೂ ಕಾವಲೂ ಬೇಕಾಗುತ್ತವೆ.

ಯಾರಿಗೆ ಯಾವ ಅಧಿಕಾರ?

ಊರ ಕೆರೆಯನ್ನು ನೆನೆಯಿರಿ. ಕೆರೆ ಊರಿಗೆಲ್ಲ ಸೇರಿದ್ದು. ನೀರು ಮುಟ್ಟಲು ಯಾರ ಅಪ್ಪಣೆಯೂ ಬೇಡ. ಆದರೂ ತೂಬು ಎತ್ತುವುದಕ್ಕೆ ಒಬ್ಬ ನೀರುಗಂಟಿ ಇರುತ್ತಿದ್ದ. ತೂಬು ಅವನ ಕೈಯಲ್ಲಿದ್ದರೂ ನೀರು ಅವನದಲ್ಲ. ವಿಕಿಪೀಡಿಯದ ಅಧಿಕಾರಗಳೂ ಹೀಗೆಯೇ ಹಂಚಿವೆ.

1. ಓದುವವರು. ಇವರು ಎಲ್ಲರೂ. ಹೆಸರು ಹೇಳಬೇಕಾಗಿಲ್ಲ, ಹಣ ಕೊಡಬೇಕಾಗಿಲ್ಲ.

2. ಹೆಸರು ನೋಂದಾಯಿಸದೆ ತಿದ್ದುವವರು. ಬಹುಪಾಲು ಪುಟಗಳನ್ನು ಇವರೂ ತಿದ್ದಬಹುದು. ಮೊದಲು ಇಂಥವರ ತಿದ್ದುಪಡಿಯ ಪಕ್ಕದಲ್ಲಿ ಅವರ ಇಂಟರ್‌ನೆಟ್ ಸಂಪರ್ಕದ ಸಂಖ್ಯೆ ಎಲ್ಲರಿಗೂ ಕಾಣುತ್ತಿತ್ತು. ಈಚೆಗೆ ಅದರ ಬದಲು ಒಂದು ತಾತ್ಕಾಲಿಕ ಹೆಸರು ಕಾಣುವ ಏರ್ಪಾಡು ಬಂದಿದೆ.

3. ನೋಂದಾಯಿತ ಸದಸ್ಯರು. ಒಂದು ಹೆಸರನ್ನೂ ಗುಟ್ಟಿನ ಪದವನ್ನೂ ಆರಿಸಿಕೊಂಡರೆ ಸಾಕು, ನೀವು ಸದಸ್ಯರು. ನಿಜವಾದ ಹೆಸರನ್ನೇ ಕೊಡಬೇಕೆಂಬ ಕಡ್ಡಾಯವಿಲ್ಲ. ನಿಮಗೊಂದು ಸದಸ್ಯರ ಪುಟ ಸಿಗುತ್ತದೆ; ಬರೆದು ಕಲಿಯಲು ಒಂದು ಪ್ರಯೋಗಪುಟ ಸಿಗುತ್ತದೆ; ನಿಮಗೆ ಬೇಕಾದ ಲೇಖನಗಳ ಮೇಲೆ ಕಣ್ಣಿಡಲು ಒಂದು ವೀಕ್ಷಣಾಪಟ್ಟಿ ಸಿಗುತ್ತದೆ. ಕೆಲವು ದಿನ ಕಳೆದ ಮೇಲೆ ಲೇಖನದ ಹೆಸರನ್ನೇ ಬದಲಾಯಿಸುವಂಥ ಇನ್ನೂ ಕೆಲವು ಸೌಲಭ್ಯಗಳು ತಾವಾಗಿ ಬರುತ್ತವೆ. ಹೊಸಬನ ಕೈಗೆ ಮೊದಲ ದಿನವೇ ಎಲ್ಲವನ್ನೂ ಕೊಡುವುದಿಲ್ಲವೆಂಬುದು ಇದರ ತಾತ್ಪರ್ಯ.

4. ನಿರ್ವಾಹಕರು. ಇವರೇ ನಮ್ಮ ನೀರುಗಂಟಿಗಳು. ಕೆಲಸಕ್ಕೆ ಬಾರದ ಪುಟವನ್ನು ಅಳಿಸುವುದು, ಅಳಿಸಿದ್ದನ್ನು ಮತ್ತೆ ತರುವುದು, ಮೇಲಿಂದ ಮೇಲೆ ಕೆಡುವ ಪುಟಕ್ಕೆ ಬೀಗ ಹಾಕುವುದು, ಕಿಡಿಗೇಡಿಯನ್ನು ತಡೆಯುವುದು ಇವರ ಕೆಲಸ. ಇವರನ್ನು ಸರ್ಕಾರ ನೇಮಿಸುವುದಿಲ್ಲ. ಬಹುಕಾಲ ಒಳ್ಳೆಯ ಕೆಲಸ ಮಾಡಿದವರನ್ನು ಉಳಿದ ಸದಸ್ಯರೇ ಚರ್ಚಿಸಿ ಆರಿಸುತ್ತಾರೆ. ಇವರಿಗೆ ಸಂಬಳವೂ ಇಲ್ಲ. ಲೇಖನದಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬ ವಾದ ಬಂದಾಗ ಇವರ ಮಾತಿಗೆ ನಿಮ್ಮ ಮಾತಿಗಿಂತ ಹೆಚ್ಚು ತೂಕವಿಲ್ಲ. ಇದನ್ನು ಮರೆಯಬೇಡಿ.

5. ಮೇಲ್ವಿಚಾರಕರು. ಎಲ್ಲ ಭಾಷೆಗಳ ವಿಕಿಗಳಿಗೂ ಸೇರಿ, ಜಗತ್ತಿನ ಸದಸ್ಯರಿಂದ ಚುನಾಯಿತರಾದ ಕೆಲವರು ಇದ್ದಾರೆ. ನಿರ್ವಾಹಕರಿಗೆ ಅಧಿಕಾರವನ್ನು ಕೊಡುವ ಮತ್ತು ಹಿಂದಕ್ಕೆ ಪಡೆಯುವ ಕೀಲಿ ಇವರಲ್ಲಿದೆ.

6. ಬಾಟ್‌ಗಳು. ಇವು ಮನುಷ್ಯರಲ್ಲ, ಯಂತ್ರದ ಕೆಲಸಗಾರರು. ಸಾವಿರ ಪುಟಗಳಲ್ಲಿ ಒಂದೇ ಬಗೆಯ ಸಣ್ಣ ತಿದ್ದುಪಡಿ ಮಾಡಬೇಕಾದಾಗ ಇವುಗಳಿಂದ ಮಾಡಿಸುತ್ತಾರೆ.

ಕೈಹಾಕಿ ಕಲಿಯುವ ಕ್ರಮ

ಮೊಬೈಲಿನಲ್ಲೇ ಈ ಕೆಲಸ ಸಾಧ್ಯ. ದೊಡ್ಡ ಪರದೆ ಬೇಕೆನ್ನುವವರು ತಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಕಂಪ್ಯೂಟರ್ ಇದ್ದರೆ ಅಲ್ಲಿ ಕೂರಬಹುದು.

ಮೊದಲು 'ಕನ್ನಡ ವಿಕಿಪೀಡಿಯ' ಎಂದು ಹುಡುಕಿ ಒಳಗೆ ಹೋಗಿ, ಸದಸ್ಯರಾಗಿ. ಅನಂತರ ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಒಂದು ಪುಟವನ್ನು ತೆರೆಯಿರಿ: ತೆಂಗು, ರಾಗಿ, ಹುರುಳಿ, ನಿಮ್ಮ ತಾಲ್ಲೂಕು. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ. ಅವಸರ ಬೇಡ. ಕಾಗುಣಿತದ ತಪ್ಪೊಂದು ಕಂಡರೆ ಅದೇ ನಿಮ್ಮ ಮೊದಲ ಪಾಠ.

ಪುಟದ ಮೇಲ್ಭಾಗದಲ್ಲಿ 'ಸಂಪಾದಿಸಿ' ಎಂದಿರುತ್ತದೆ. ಮೊಬೈಲಿನಲ್ಲಿ ಪೆನ್ಸಿಲಿನ ಗುರುತು ಇರುತ್ತದೆ. ಅದನ್ನು ಒತ್ತಿ, ತಪ್ಪು ಅಕ್ಷರವನ್ನು ತಿದ್ದಿ. ಕೆಳಗೆ 'ಸಾರಾಂಶ' ಎಂಬ ಸಣ್ಣ ಜಾಗವಿದೆ. ಅಲ್ಲಿ ನೀವು ಮಾಡಿದ್ದೇನೆಂದು ಒಂದು ಸಾಲು ಬರೆಯಿರಿ. "ಕಾಗುಣಿತ ತಿದ್ದಿದೆ" ಎಂದರೆ ಸಾಕು. ಉಳಿಸುವ ಮುಂಚೆ ಮುನ್ನೋಟವನ್ನು ನೋಡಿ, ಆಮೇಲೆ ಪ್ರಕಟಿಸಿ. ಅಷ್ಟೇ. ನಿಮ್ಮ ತಿದ್ದುಪಡಿ ಆ ಕ್ಷಣವೇ ಎಲ್ಲರಿಗೂ ಕಾಣುತ್ತದೆ.

ಕೆಲವರು ಅಕ್ಷರದ ನಡುವೆ ಕಾಣುವ ಗುರುತುಗಳನ್ನು ನೋಡಿ ಹೆದರುತ್ತಾರೆ. ಹೆದರಬೇಕಾಗಿಲ್ಲ. ಒಂದು ಪದದ ಆಚೆ ಈಚೆ ಎರಡೆರಡು ಚೌಕದ ಕಂಸ ಹಾಕಿದರೆ, ಉದಾಹರಣೆಗೆ [[ತಿಪಟೂರು]] ಎಂದು ಬರೆದರೆ, ಅದು ಆ ಹೆಸರಿನ ಬೇರೊಂದು ಪುಟಕ್ಕೆ ಬಾಗಿಲಾಗುತ್ತದೆ. ಎರಡೆರಡು ಸಮಚಿಹ್ನೆಯ ನಡುವೆ, ಅಂದರೆ == ರೋಗಗಳು == ಎಂದು ಬರೆದರೆ ಅದು ಉಪಶೀರ್ಷಿಕೆಯಾಗುತ್ತದೆ. ಈ ಎರಡನ್ನು ಕಲಿತವನಿಗೆ ಅರ್ಧ ವಿದ್ಯೆ ಬಂದಂತೆ. ಈ ಗುರುತುಗಳೇ ಇಲ್ಲದೆ, ಕಂಡದ್ದನ್ನು ಕಂಡ ಹಾಗೇ ತಿದ್ದುವ ಇನ್ನೊಂದು ಬಗೆಯೂ ಇದೆ. ಯಾವುದು ಸಲೀಸೋ ಅದನ್ನು ಹಿಡಿಯಿರಿ.

ಹಳೆಯ ಲೆಕ್ಕ ಅಳಿಯುವುದಿಲ್ಲ

ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ತೆಂಗಿನ ಸುಳಿಕೊಳೆ ರೋಗಕ್ಕೆ ಶೇಕಡ 1ರ ಬೋರ್ಡೋ ದ್ರಾವಣ ಬಳಸುವುದು ನಿಮಗೆ ಗೊತ್ತು. ಅದಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಒಂದು ಪುಟದಲ್ಲಿ ಇದು ಸರಿಯಾಗಿಯೇ ಇತ್ತು ಎನ್ನಿ. ಯಾರೋ ಒಬ್ಬರು ಕೈತಪ್ಪಿಯೋ ಕುಚೋದ್ಯಕ್ಕೋ 1ರ ಮುಂದೆ ಒಂದು ಸೊನ್ನೆ ಸೇರಿಸಿದರು. 10 ಕಿಲೋ ಮೈಲುತುತ್ತ ಎಂದಾಯಿತು. ಅದನ್ನು ನಂಬಿ ಒಬ್ಬ ರೈತ ಸುಳಿಗೆ ಹೊಯ್ದರೆ, ರೋಗ ಕೊಲ್ಲದ ಮರವನ್ನು ಮದ್ದೇ ಕೊಲ್ಲಬಹುದು. ಹತ್ತು ವರ್ಷ ನೀರೆರೆದು ಬೆಳೆಸಿದ ಮರ ಒಂದು ಸೊನ್ನೆಯಿಂದ ಹೋದೀತು.

ಇಲ್ಲಿ ನಮ್ಮನ್ನು ಕಾಯುವುದು 'ಇತಿಹಾಸ' ಎಂಬ ಪುಟ. ಪ್ರತಿಯೊಂದು ಲೇಖನಕ್ಕೂ ಅದು ಇದೆ. ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ಹೆಸರಿನವರು ಏನನ್ನು ಬದಲಾಯಿಸಿದರು ಎಂಬುದು ಸಾಲಾಗಿ ಅಲ್ಲಿರುತ್ತದೆ. ಸೊಸೈಟಿಯ ಲೆಕ್ಕದ ಪುಸ್ತಕದಲ್ಲಿ ತಪ್ಪು ಬಿದ್ದರೆ ಹಾಳೆ ಹರಿಯುವುದಿಲ್ಲ. ಗೀಟು ಎಳೆದು ಕೆಳಗೆ ಸರಿಯಾದುದನ್ನು ಬರೆಯುತ್ತಾರಲ್ಲವೇ? ಇದೂ ಹಾಗೆಯೇ. ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದರೆ ಸೇರಿದ ಸೊನ್ನೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಆ ಒಂದು ಬದಲಾವಣೆಯನ್ನು ಮಾತ್ರ ರದ್ದುಮಾಡುವ ಸೌಲಭ್ಯವೂ ಅಲ್ಲೇ ಇದೆ. ಅದನ್ನು ಯಾವ ಸದಸ್ಯರು ಬೇಕಾದರೂ ಮಾಡಬಹುದು, ನಿರ್ವಾಹಕರೇ ಬರಬೇಕೆಂದಿಲ್ಲ.

ಆದರೆ ಕಂಡವರಿದ್ದರೆ ತಾನೇ ರದ್ದುಮಾಡುವುದು? ಇಂಗ್ಲಿಷಿನ ಪುಟಗಳ ಮೇಲೆ ಸಾವಿರಾರು ಕಣ್ಣುಗಳಿವೆ. ಕನ್ನಡದ ಪುಟಗಳ ಮೇಲೆ ಅಷ್ಟಿಲ್ಲ. ತೆಂಗಿನ ಸೀಮೆಯ ವಿಷಯಕ್ಕೆ ತೆಂಗಿನ ಸೀಮೆಯವರೇ ಕಣ್ಣಾಗಬೇಕು. ವೀಕ್ಷಣಾಪಟ್ಟಿಗೆ ಐದು ಪುಟಗಳನ್ನು ಸೇರಿಸಿಕೊಂಡು ವಾರಕ್ಕೊಮ್ಮೆ ನೋಡಿದರೂ ಅದು ದೊಡ್ಡ ಕಾವಲು.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ವಿಶ್ವಕೋಶವು ಔಷಧಿಯ ಚೀಟಿಯಲ್ಲ. ರೋಗದ ಹೆಸರು, ಲಕ್ಷಣ, ಕಾರಣ ಇವನ್ನು ಅಲ್ಲಿ ಓದಿ ತಿಳಿಯಿರಿ. ಮದ್ದಿನ ಪ್ರಮಾಣವನ್ನು ಮಾತ್ರ ರೈತ ಸಂಪರ್ಕ ಕೇಂದ್ರದಲ್ಲೋ ಕೊನೆಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿಯೇ ಕಲಸಿರಿ.

ಅನುಭವವೂ ಆಧಾರವೂ

ಈಗ ಎಲ್ಲಕ್ಕಿಂತ ಕಷ್ಟದ ಮಾತಿಗೆ ಬಂದೆವು. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಎಂಟು ಹತ್ತು ತಿಂಗಳು ಬಿಟ್ಟು, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗಡಗಡ ಎಂದ ಮೇಲೆ ಸುಲಿದು, ಒಡೆಯದ ಹಾಗೆ ಉಂಡೆ ತೆಗೆಯುವುದು ನಮ್ಮ ಸೀಮೆಯ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಕರಗತವಾದ ವಿದ್ಯೆ. ಕೈಯಲ್ಲಿ ಅಲ್ಲಾಡಿಸಿದ ಸದ್ದಿನಿಂದಲೇ ಕಾಯಿ ಹದವಾಯಿತೋ ಇಲ್ಲವೋ ಹೇಳುವ ಅಜ್ಜಿಯರು ನಮ್ಮಲ್ಲಿದ್ದಾರೆ. ಇದನ್ನೆಲ್ಲ ವಿಕಿಪೀಡಿಯದಲ್ಲಿ ಹಾಗೆಯೇ ಬರೆಯಬಹುದೇ?

ಬರೆದರೆ, "ಇದಕ್ಕೆ ಆಧಾರವೇನು?" ಎಂದು ಕೇಳುತ್ತಾರೆ. "ನನ್ನ ಅಜ್ಜಿ ಹೇಳಿದ್ದು" ಎಂದರೆ ಒಪ್ಪುವುದಿಲ್ಲ. ಈ ಮಾತಿಗೆ ಕೋಪ ಬರುವುದು ಸಹಜ. ಆದರೆ ಯೋಚಿಸಿ ನೋಡಿ. ಬರೆಯುವವರ ಗುರುತು ಪರಿಚಯ ಯಾರಿಗೂ ಇಲ್ಲದ ಕಡೆ, ಮಾತನ್ನು ಪರೀಕ್ಷಿಸುವುದು ಹೇಗೆ? ನಿಮ್ಮ ಅಜ್ಜಿಯ ಮಾತನ್ನು ಒಪ್ಪಿದರೆ, ಸುಳ್ಳು ಮದ್ದು ಮಾರುವವನ ಮಾತನ್ನೂ ಒಪ್ಪಬೇಕಾಗುತ್ತದೆ. ಆದುದರಿಂದ ಬೇರೆಯವರು ತೆಗೆದು ನೋಡಬಹುದಾದ ಅಚ್ಚಿನ ಆಧಾರ ಬೇಕೆಂಬುದು ಕಟ್ಟುಪಾಡು. ಇದಕ್ಕೆ ಅಲ್ಲಿ 'ಉಲ್ಲೇಖ' ಎನ್ನುತ್ತಾರೆ.

ಆಧಾರಗಳು ನಮಗೆ ದೂರವಿಲ್ಲ. ಕೃಷಿ ವಿಶ್ವವಿದ್ಯಾನಿಲಯದವರು ಅಚ್ಚುಮಾಡಿಸಿದ ಬೇಸಾಯದ ಪುಸ್ತಕಗಳಿವೆ. 1916ರಲ್ಲಿ ತೆಂಗಿನ ಸಂಶೋಧನೆಗೆಂದೇ ಆರಂಭವಾದ ಕಾಸರಗೋಡಿನ ಸಂಸ್ಥೆಯ ಪ್ರಕಟಣೆಗಳಿವೆ. ಊರಿನ ಚರಿತ್ರೆಗೆ ಬಿ. ಎಲ್. ರೈಸ್ ಅವರು 1904ರಲ್ಲಿ ಹೊರತಂದ ತುಮಕೂರು ಜಿಲ್ಲೆಯ ಶಾಸನಗಳ ಸಂಪುಟವಿದೆ.

ದಂಡಿನಶಿವರದ ಹೆಸರನ್ನೇ ತೆಗೆದುಕೊಳ್ಳಿ. ಅದರೊಳಗೆ 'ದಂಡು' ಎಂಬ ಮಾತು ಕೇಳುತ್ತದೆ. ದಂಡು ಎಂದರೆ ಸೈನ್ಯ. ಇಷ್ಟನ್ನು ಹಿಡಿದು "ಇಂಥ ಅರಸನ ಸೈನ್ಯ ಇಂಥ ವರ್ಷ ಇಲ್ಲಿ ಬೀಡುಬಿಟ್ಟಿತ್ತು" ಎಂದು ಬರೆದುಬಿಡುವುದು ಸುಲಭ. ಶಾಸನದಲ್ಲಿ ಇದ್ದರೆ, ಪುಸ್ತಕದ ಪುಟಸಂಖ್ಯೆ ಸಹಿತ ಬರೆಯಿರಿ. ಇಲ್ಲದಿದ್ದರೆ ಬಿಡಿ. ಒಮ್ಮೆ ಬರೆದ ಸುಳ್ಳನ್ನು ನೋಡಿ ಪತ್ರಿಕೆಯವರು ಬರೆಯುತ್ತಾರೆ. ಪತ್ರಿಕೆಯನ್ನು ನೋಡಿ ಶಾಲೆಯ ಮಕ್ಕಳು ಬರೆಯುತ್ತಾರೆ. ಹತ್ತು ವರ್ಷದಲ್ಲಿ ಅದೇ ಊರಿನ ಚರಿತ್ರೆಯಾಗಿ ಕೂರುತ್ತದೆ.

ಹಾಗಾದರೆ ಅಜ್ಜಿಯ ವಿದ್ಯೆಗೆ ಜಾಗವೇ ಇಲ್ಲವೇ? ಇದೆ. ಚಿತ್ರಗಳಿಗೆ ಈ ಅಡ್ಡಿಯಿಲ್ಲ. ನೀವೇ ತೆಗೆದ ಚಿತ್ರವನ್ನು ವಿಕಿಮೀಡಿಯ ಕಾಮನ್ಸ್ ಎಂಬ ಚಿತ್ರಗಳ ಕಣಜಕ್ಕೆ ಸದಸ್ಯರು ಯಾರು ಬೇಕಾದರೂ ಸೇರಿಸಬಹುದು. ಅಟ್ಟದ ಮೇಲಿನ ಕಾಯಿ, ಸುಲಿಯುವ ಕೈ, ಚಿಪ್ಪಿನಿಂದ ಹೊರಬಂದ ಉಂಡೆ ಕೊಬ್ಬರಿ, ಕಪ್ಪುತಲೆ ಹುಳು ತಿಂದ ಗರಿ, ರಸ ಸೋರುವ ಕಾಂಡ ಇವುಗಳ ಒಳ್ಳೆಯ ಚಿತ್ರಗಳನ್ನು ನಿಮಗಿಂತ ಚೆನ್ನಾಗಿ ಯಾರು ತೆಗೆದಾರು? ಜೊತೆಗೆ, ನಿಮ್ಮ ಅನುಭವವನ್ನು ಕೃಷಿ ಮೇಳದಲ್ಲಿ, ಕೃಷಿ ಪತ್ರಿಕೆಯಲ್ಲಿ, ವಿಜ್ಞಾನಿಗಳ ಮುಂದೆ ಹೇಳಿ ಅಚ್ಚಿಗೆ ತರಿಸಿ. ಅಚ್ಚಿಗೆ ಬಂದ ಮೇಲೆ ಅದೇ ಆಧಾರವಾಗುತ್ತದೆ.

'ಈಗ' ಎಂಬ ಮಾತಿನ ಅಪಾಯ

ಯಾರೋ ಒಬ್ಬರು "ಈಗ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ" ಎಂದು ಬರೆದರೆನ್ನಿ. 2024ರ ಹಂಗಾಮಿಗೆ ಅದು ನಿಜ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ 12,100 ರೂಪಾಯಿ ಗೊತ್ತುಮಾಡಿತು. ಆಗ ಆ ಸಾಲು ಸುಳ್ಳಾಯಿತು. "2024ರ ಹಂಗಾಮಿಗೆ 12,000 ರೂಪಾಯಿ" ಎಂದು ಬರೆದಿದ್ದರೆ ಅದು ಎಂದೆಂದಿಗೂ ನಿಜವಾಗಿಯೇ ಉಳಿಯುತ್ತಿತ್ತು. ಆದುದರಿಂದ ಬೆಲೆ, ಜನಸಂಖ್ಯೆ, ಅಧಿಕಾರದಲ್ಲಿರುವವರ ಹೆಸರು ಇಂಥವನ್ನು ಬರೆಯುವಾಗ ಇಸವಿಯನ್ನು ತಪ್ಪದೆ ಹಾಕಿ.

ಜಗಳ ಬಂದರೆ

ನೀವು ಬರೆದುದನ್ನು ಇನ್ನೊಬ್ಬರು ತೆಗೆದುಹಾಕುತ್ತಾರೆ. ನೀವು ಮತ್ತೆ ಹಾಕುತ್ತೀರಿ. ಅವರು ಮತ್ತೆ ತೆಗೆಯುತ್ತಾರೆ. ಇದು ಬದುವಿನ ಕಲ್ಲನ್ನು ರಾತ್ರಿ ಇವನು, ಬೆಳಗಾದರೆ ಅವನು ಸರಿಸಿದಂತೆ. ಇಬ್ಬರಿಗೂ ಬೆಳೆ ಬರುವುದಿಲ್ಲ. ಕೊನೆಗೆ ನಿರ್ವಾಹಕರು ಪುಟಕ್ಕೆ ಬೀಗ ಹಾಕಬೇಕಾಗುತ್ತದೆ.

ಪ್ರತಿ ಲೇಖನದ ಬೆನ್ನಿಗೂ ಒಂದು 'ಚರ್ಚೆ' ಪುಟವಿದೆ. ಒಮ್ಮೆ ತೆಗೆದರೆಂದು ಕಂಡ ಕೂಡಲೇ ಅಲ್ಲಿಗೆ ಹೋಗಿ, "ಈ ಸಾಲನ್ನು ಏಕೆ ತೆಗೆದಿರಿ? ನನ್ನ ಆಧಾರ ಇದು" ಎಂದು ಸಮಾಧಾನದಿಂದ ಕೇಳಿ. ಮಾತಿನ ಕೊನೆಗೆ ನಾಲ್ಕು ಅಲೆಗೀಟು (~~~~) ಹಾಕಿದರೆ ನಿಮ್ಮ ಹೆಸರೂ ಹೊತ್ತೂ ತಾವಾಗಿ ಬೀಳುತ್ತವೆ, ಅದೇ ರುಜು. ಅಲ್ಲಿ ತೀರದ ಮಾತನ್ನು ಎಲ್ಲರೂ ಕೂಡುವ ಜಾಗಕ್ಕೆ ಒಯ್ಯಬಹುದು. ಕನ್ನಡ ವಿಕಿಪೀಡಿಯದವರು ಆ ಜಾಗಕ್ಕೆ ಇಟ್ಟಿರುವ ಹೆಸರು ಕೇಳಿದರೆ ನಿಮಗೆ ಸಂತೋಷವಾದೀತು: 'ಅರಳಿ ಕಟ್ಟೆ'. ಕಟ್ಟೆಯ ಮೇಲೆ ಹೇಗೆ ಮಾತಾಡಬೇಕೆಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ವಿಷಯವನ್ನು ಹಿಡಿದು ಮಾತಾಡಿ, ಆಳನ್ನು ಹಿಡಿದು ಮಾತಾಡಬೇಡಿ.

ಮಾಡಬಾರದ ನಾಲ್ಕು ಕೆಲಸಗಳು

1. ಪತ್ರಿಕೆಯಿಂದಲೋ ಪುಸ್ತಕದಿಂದಲೋ ಸಾಲು ಸಾಲಾಗಿ ನಕಲು ಮಾಡಬೇಡಿ. ವಿಷಯವನ್ನು ತಿಳಿದು, ನಿಮ್ಮ ಮಾತಿನಲ್ಲಿ ಬರೆದು, ಆಧಾರ ಹೇಳಿ.

2. ನಿಮ್ಮ ಅಂಗಡಿ, ಮಂಡಿ, ಪಕ್ಷ, ನೆಂಟರು ಇವರನ್ನು ಹೊಗಳಿ ಬರೆಯಬೇಡಿ. ಆಗದವರನ್ನು ತೆಗಳಿಯೂ ಬರೆಯಬೇಡಿ.

3. ನೆರೆಯವರ ಮನೆವಿಷಯ, ದೂರವಾಣಿ ಸಂಖ್ಯೆ, ಸಾಲದ ಸಂಗತಿ ಯಾವುದನ್ನೂ ಹಾಕಬೇಡಿ. ಅಳಿಸಿದರೂ ಇತಿಹಾಸದ ಪುಟದಲ್ಲಿ ಉಳಿದೀತು.

4. ಇಂಗ್ಲಿಷ್ ಪುಟವನ್ನು ಯಂತ್ರದಿಂದ ಕನ್ನಡ ಮಾಡಿಸಿ, ಓದಿ ನೋಡದೆ ಹಾಕಬೇಡಿ. ನಾವು ಆಡದ ಕನ್ನಡ ನಮ್ಮ ಮಕ್ಕಳಿಗೆ ಅರ್ಥವಾಗದು.

ಪ್ರಶ್ನೆ, ಉತ್ತರ

ಪ್ರಶ್ನೆ: ಇಂಗ್ಲಿಷ್ ಬಾರದವರು ಬರೆಯಬಹುದೇ?
ಉತ್ತರ: ಕನ್ನಡ ವಿಕಿಪೀಡಿಯ ಇರುವುದೇ ಕನ್ನಡದವರಿಗಾಗಿ. ನೆಟ್ಟಗೆ ಕನ್ನಡ ಬರೆಯಬಲ್ಲವರು ಯಾರೂ ಬರೆಯಬಹುದು.

ಪ್ರಶ್ನೆ: ಬರೆದರೆ ಹಣ ಬರುತ್ತದೆಯೇ?
ಉತ್ತರ: ಇಲ್ಲ. ವಿಕಿಪೀಡಿಯದಲ್ಲಿ ಜಾಹೀರಾತುಗಳೂ ಇಲ್ಲ. 2003ರಲ್ಲಿ ಸ್ಥಾಪನೆಯಾದ ವಿಕಿಮೀಡಿಯ ಫೌಂಡೇಶನ್ ಜನರು ಕೊಡುವ ಕಾಣಿಕೆಯಿಂದ ಅದನ್ನು ನಡೆಸುತ್ತದೆ.

ಪ್ರಶ್ನೆ: ನಾನು ಬರೆದ ಪುಟ ನನ್ನದಲ್ಲವೇ?
ಉತ್ತರ: ಬರೆದವರೆಂಬ ಹೆಸರು ಇತಿಹಾಸದಲ್ಲಿ ನಿಮ್ಮದಾಗಿ ಉಳಿಯುತ್ತದೆ. ಪುಟ ಮಾತ್ರ ಎಲ್ಲರದು. ಯಾರೂ ತಿದ್ದಬಹುದು, ಮೂಲವನ್ನು ಹೇಳಿ ಯಾರೂ ಬಳಸಬಹುದು.

ಪ್ರಶ್ನೆ: ತಿಳಿಯದೆ ಪುಟವನ್ನು ಕೆಡಿಸಿಬಿಟ್ಟರೆ?
ಉತ್ತರ: ಹಳೆಯ ಪ್ರತಿ ಇದ್ದೇ ಇರುತ್ತದೆ, ಹಿಂದಕ್ಕೆ ತರಬಹುದು. ಹೆದರಿ ಸುಮ್ಮನಿರುವುದಕ್ಕಿಂತ ತಪ್ಪಿ ಕಲಿಯುವುದು ಮೇಲು.

ಈ ತಿಂಗಳ ಕೆಲಸ

ಊರಿನಲ್ಲಿ ಓದು ಬಲ್ಲ ಇಬ್ಬರು ಯುವಕ ಯುವತಿಯರನ್ನೂ, ಬೇಸಾಯ ಬಲ್ಲ ಇಬ್ಬರು ಹಿರಿಯರನ್ನೂ ಒಂದು ಸಂಜೆ ಕೂಡಿಸಿ. ತೆಂಗಿನ ಬಗೆಗಿನ ಪುಟವನ್ನು ಒಬ್ಬರು ಗಟ್ಟಿಯಾಗಿ ಓದಲಿ. ಹಿರಿಯರು ಕೇಳುತ್ತ, "ಇದು ಸರಿ, ಇದು ತಪ್ಪು, ಇದು ಬಿಟ್ಟುಹೋಗಿದೆ" ಎಂದು ಹೇಳಲಿ. ಹೇಳಿದ್ದನ್ನೆಲ್ಲ ಕಾಗದದ ಮೇಲೆ ಬರೆದುಕೊಳ್ಳಿ. ಮರುವಾರ ಪ್ರತಿಯೊಂದಕ್ಕೂ ಆಧಾರ ಹುಡುಕಿ. ಸಿಕ್ಕಿದ್ದನ್ನು ಲೇಖನಕ್ಕೆ ಸೇರಿಸಿ. ಸಿಗದಿದ್ದುದನ್ನು ಚರ್ಚೆಯ ಪುಟದಲ್ಲಿ ಪ್ರಶ್ನೆಯಾಗಿ ಇಡಿ. ಎರಡು ಚಿತ್ರಗಳನ್ನು ಕಾಮನ್ಸಿಗೆ ಕಳುಹಿಸಿ.

ಬಾಂಧವರೇ, ಅಟ್ಟದ ಮೇಲಿನ ಕಾಯಿ ತಾನಾಗಿ ಉಂಡೆಯಾಗಿ ಕೆಳಗೆ ಬರುವುದಿಲ್ಲ. ಯಾರಾದರೂ ಹತ್ತಬೇಕು, ಅಲ್ಲಾಡಿಸಿ ನೋಡಬೇಕು, ಸುಲಿಯಬೇಕು. ನಮ್ಮ ತಿಳಿವಳಿಕೆಯೂ ಹಾಗೆಯೇ. ನಾವು ಬರೆಯದಿದ್ದರೆ, ತೆಂಗಿನ ನೆರಳನ್ನೇ ಕಾಣದವರು ನಮ್ಮ ತೆಂಗಿನ ಮೇಲೆ ಬರೆಯುತ್ತಾರೆ. ನಾಳೆ ನಮ್ಮ ಮಕ್ಕಳು ಅದನ್ನೇ ಓದಿ ತೋಟಕ್ಕೆ ಇಳಿಯುತ್ತಾರೆ. ಇಂದು ಸಂಜೆ ದೀಪ ಹಚ್ಚಿದ ಮೇಲೆ ಒಂದು ಪುಟವನ್ನು ತೆರೆದು ಒಂದು ತಪ್ಪನ್ನು ತಿದ್ದಿ. ಹನಿಗೂಡಿದರೆ ಹಳ್ಳ.